ಸ್ಕಾರ್ಮರಿ ಆಡಿಸುವುದು ಹೇಗೆ: ಡಿಫೆನ್ಸಿವ್ ಪೋಕೆಮಾನ್‌ನಿಂದ ಪಂದ್ಯ ಗೆಲ್ಲಲು ಸಮಗ್ರ ಮಾರ್ಗದರ್ಶಿ

ಪೋಕೆಮಾನ್ ವಿಡಿಯೋ ಗೇಮ್‌ನಲ್ಲಿ ಡಿಫೆನ್ಸಿವ್ (ಏಟು ತಡೆಯುವ) ಪೋಕೆಮಾನ್ ಇಟ್ಟುಕೊಂಡೂ ಸೋಲುವವರ ಆಟ ನೋಡಿದರೆ ಒಂದು ವಿಷಯ ಬೇಗ ಗೊತ್ತಾಗುತ್ತದೆ. ಅವರ ಸ್ಕಾರ್ಮರಿ (ಉಕ್ಕಿನ ಹಕ್ಕಿಯಂಥ ಪೋಕೆಮಾನ್) ಸಾಯುವುದೇ ಇಲ್ಲ, ಆದರೆ ಪಂದ್ಯ ಕೈತಪ್ಪುತ್ತದೆ. ಅದು ಒಳಗೆ ಬರುತ್ತದೆ, ಏಟು ತಿನ್ನುತ್ತದೆ, ರೂಸ್ಟ್ ಮಾಡಿ ಪ್ರಾಣ ತುಂಬಿಸಿಕೊಳ್ಳುತ್ತದೆ, ಮತ್ತೆ ಏಟು ತಿನ್ನುತ್ತದೆ. ಅಷ್ಟರಲ್ಲಿ ಎದುರಾಳಿ ತಮಗೆ ಬೇಕಾದ್ದನ್ನೆಲ್ಲ ಆರಾಮಾಗಿ ಮಾಡಿ ಮುಗಿಸಿರುತ್ತಾರೆ.

ಸ್ಕಾರ್ಮರಿ ಒಳಗೆ ಬಂದ ಪ್ರತಿ ಸಲ ನಿಮಗೆ ಒಂದು ಟರ್ನ್ (ಇಬ್ಬರೂ ಒಂದೊಂದು ನಡೆ ಆಡುವ ಸುತ್ತು) ಬಿಟ್ಟಿಯಾಗಿ ಸಿಗಬೇಕು. ಆ ಟರ್ನ್‌ನಲ್ಲಿ ಎದುರಾಳಿಗೆ ಏನಾದರೂ ನಷ್ಟ ಆಗಬೇಕು. ಈ ಗೈಡ್ ಪೂರ್ತಿ ಇದೊಂದೇ ವಿಷಯದ ಸುತ್ತ ಇದೆ.

ಇಲ್ಲಿ ಹೇಳುವುದೆಲ್ಲ ಒಂಬತ್ತನೇ ಜನರೇಶನ್‌ಗೆ, ಅಂದರೆ ಸ್ಕಾರ್ಲೆಟ್ ಮತ್ತು ವಯಲೆಟ್ ಆಟಗಳಿಗೆ. ಲೆಕ್ಕಗಳು ಲೆವೆಲ್ 100ರ, ಆರಕ್ಕೆ ಆರು ಸಿಂಗಲ್ಸ್ ಪಂದ್ಯದವು, ಅಂದರೆ ಒಂದು ಸಲಕ್ಕೆ ಎರಡೂ ಕಡೆ ಒಂದೊಂದೇ ಪೋಕೆಮಾನ್. ಪೋಕೆಮಾನ್ ಶೋಡೌನ್ ಎಂಬ ಆನ್‌ಲೈನ್ ಪಂದ್ಯದ ತಾಣದಲ್ಲಿ ಬಹಳ ಜನ ಆಡುವುದು ಇದನ್ನೇ. ಅಧಿಕೃತ ವಿಜಿಸಿ (ಚಾಂಪಿಯನ್‌ಶಿಪ್) ಪಂದ್ಯಗಳು ಲೆವೆಲ್ 50ರ ಡಬಲ್ಸ್, ಅಂದರೆ ಎರಡೆರಡು ಒಟ್ಟಿಗೆ. ಅಲ್ಲಿ ಆರರಲ್ಲಿ ನಾಲ್ಕನ್ನು ಮಾತ್ರ ಇಳಿಸುತ್ತಾರೆ, ಆಟ ಬೇಗ ಮುಗಿಯುತ್ತದೆ. ಸ್ಪೈಕ್ಸ್ (ಎದುರಾಳಿ ಒಳಗೆ ಬರುವಾಗ ಚುಚ್ಚುವ ಮುಳ್ಳು) ಹಾಕಿ ಕಾಯುವ ಆಟಕ್ಕೆ ಅಲ್ಲಿ ಜಾಗ ಇಲ್ಲ.

ಹೆಜ್ಜೆ 1: ಕೈಯಲ್ಲಿರುವುದು ಏನು ಅಂತ ಮೊದಲು ತಿಳಿದುಕೊಳ್ಳಿ

ಸ್ಕಾರ್ಮರಿ ಬಂದಿದ್ದು 1999ರಲ್ಲಿ, ಗೋಲ್ಡ್ ಮತ್ತು ಸಿಲ್ವರ್ ಆಟಗಳ ಜೊತೆ. ಸ್ಕಾರ್ಲೆಟ್ ಮತ್ತು ವಯಲೆಟ್‌ಗೆ ಅದು ಕಾಲಿಟ್ಟಿದ್ದು 2023ರ ಡಿಸೆಂಬರ್‌ನಲ್ಲಿ, ಇಂಡಿಗೋ ಡಿಸ್ಕ್ ಎಂಬ ಹೆಚ್ಚುವರಿ ಭಾಗ ಬಂದಾಗ. ಸ್ಟೀಲ್ ಮತ್ತು ಫ್ಲೈಯಿಂಗ್ ಟೈಪ್. ಬೇಸ್ ಎಚ್‌ಪಿ (ಪ್ರಾಣಬಲದ ಮೂಲ ಅಂಕ) 65, ಡಿಫೆನ್ಸ್ 140, ಸ್ಪೆಷಲ್ ಡಿಫೆನ್ಸ್ 70, ಸ್ಪೀಡ್ 70. ಅಟ್ಯಾಕ್‌ಗಳಲ್ಲಿ ಫಿಸಿಕಲ್, ಸ್ಪೆಷಲ್ ಅಂತ ಎರಡು ಬಗೆ; ಮೊದಲನೆಯದನ್ನು ಡಿಫೆನ್ಸ್, ಎರಡನೆಯದನ್ನು ಸ್ಪೆಷಲ್ ಡಿಫೆನ್ಸ್ ತಡೆಯುತ್ತದೆ. ಎಚ್‌ಪಿ ನೋಡಿದರೆ ಸಾಧಾರಣ. ಇದನ್ನು ಕಾಯುವುದು ಡಿಫೆನ್ಸ್ ಮತ್ತು ಟೈಪ್.

ಗ್ರೌಂಡ್ ಮತ್ತು ಪಾಯ್ಸನ್ ಅಟ್ಯಾಕ್ ತಗಲುವುದೇ ಇಲ್ಲ. ಗ್ರಾಸ್ ಮತ್ತು ಬಗ್ ಕಾಲು ಭಾಗಕ್ಕೆ ಇಳಿಯುತ್ತವೆ. ನಾರ್ಮಲ್, ಫ್ಲೈಯಿಂಗ್, ಸೈಕಿಕ್, ಡ್ರ್ಯಾಗನ್, ಸ್ಟೀಲ್, ಫೇರಿ ಅರ್ಧಕ್ಕೆ. ಎರಡು ಪಟ್ಟು ತಗಲುವುದು ಫೈರ್ ಮತ್ತು ಎಲೆಕ್ಟ್ರಿಕ್ ಮಾತ್ರ. ಗೋಸ್ಟ್ ಮತ್ತು ಡಾರ್ಕ್ ಈಗ ಸರಿಸಮ. ಆರನೇ ಜನರೇಶನ್‌ಗೆ ಮುಂಚೆ ಸ್ಟೀಲ್ ಇವೆರಡನ್ನೂ ತಡೆಯುತ್ತಿತ್ತು. ಹಳೇ ಆಟಗಾರರು ಈಗಲೂ ಇಲ್ಲಿ ಎಡವುತ್ತಾರೆ.

ಒಂದು ಲೆಕ್ಕ ನೋಡಿ. ಎಚ್‌ಪಿಗೆ 252, ಡಿಫೆನ್ಸ್‌ಗೆ 252 ಇವಿ (ತರಬೇತಿಯಿಂದ ಸೇರುವ ಅಂಕ) ಕೊಟ್ಟು, ಡಿಫೆನ್ಸ್ ಏರಿಸುವ ಇಂಪಿಶ್ ನೇಚರ್ (ಸ್ವಭಾವ) ಹಾಕಿದರೆ ಎಚ್‌ಪಿ 334, ಡಿಫೆನ್ಸ್ 416 ಆಗುತ್ತದೆ. ಗಾರ್ಚಾಂಪ್‌ನ ಅಟ್ಯಾಕ್ 359 ಇದ್ದಾಗ ಅದರ ಸ್ಟೋನ್ ಎಡ್ಜ್ 62ರಿಂದ 74ರವರೆಗೆ ಮಾತ್ರ ಕೀಳುತ್ತದೆ. ಹೆಚ್ಚೆಂದರೆ ಐದರಲ್ಲಿ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ. ಅದರ ಅರ್ಥ್‌ಕ್ವೇಕ್ ಸೊನ್ನೆ. ಈಗ ಇನ್ನೊಂದು ಮಗ್ಗುಲು. ಸ್ಪೆಷಲ್ ಅಟ್ಯಾಕ್‌ಗೆ ಪೂರ್ತಿ ಇವಿ ಕೊಟ್ಟ ಗೋಲ್ಡೆಂಗೋ ಎಲೆಕ್ಟ್ರಿಕ್ ಟೈಪ್‌ನ ಥಂಡರ್‌ಬೋಲ್ಟ್ ಹಾಕಿದರೆ 266ರಿಂದ 314. ಅದು ಗೋಲ್ಡೆಂಗೋದ ಸ್ವಂತ ಟೈಪ್‌ನ ಅಟ್ಯಾಕ್ ಕೂಡ ಅಲ್ಲ! ಆದ್ದರಿಂದ ಸ್ಕಾರ್ಮರಿ ಎಲ್ಲರಿಗೂ ಗೋಡೆ ಅಂದುಕೊಳ್ಳಬೇಡಿ. ಫಿಸಿಕಲ್ ಅಟ್ಯಾಕರ್‌ಗಳಿಗೆ ಮಾತ್ರ ಗೋಡೆ.

ಹೆಜ್ಜೆ 2: ಸೆಟ್ ಕಟ್ಟುವುದು

ನಾನು ಹೊಸಬರಿಗೆ ಹೇಳುವ ಸೆಟ್ ಇದು: ಸ್ಪೈಕ್ಸ್, ರೂಸ್ಟ್, ವರ್ಲ್‌ವಿಂಡ್ (ಎದುರಿನವರನ್ನು ಹೊರಗಟ್ಟುವ ಮೂವ್), ಬಾಡಿ ಪ್ರೆಸ್. ಇವಿ 252 ಎಚ್‌ಪಿ, 252 ಡಿಫೆನ್ಸ್, ಉಳಿದ 4 ಸ್ಪೆಷಲ್ ಡಿಫೆನ್ಸ್‌ಗೆ. ನೇಚರ್ ಇಂಪಿಶ್. ಅಬಿಲಿಟಿ (ಹುಟ್ಟುಗುಣ) ಸ್ಟರ್ಡಿ.

ಸ್ಪೆಷಲ್ ಡಿಫೆನ್ಸ್ ಕಡಿಮೆ ಇದೆಯಲ್ಲ, ಇವಿ ಅಲ್ಲಿಗೇ ಹಾಕಿದರೆ ಆಗದಾ ಅಂತ ಕೇಳುವವರಿದ್ದಾರೆ. ಹಾಕಬಹುದು. ಕೇರ್‌ಫುಲ್ ನೇಚರ್ ಜೊತೆ ಅದು 262ಕ್ಕೆ ಏರುತ್ತದೆ. ಆದರೆ ಅದೇ ಗೋಲ್ಡೆಂಗೋದ ಥಂಡರ್‌ಬೋಲ್ಟ್ ಆಗಲೂ ಅರ್ಧಕ್ಕಿಂತ ಜಾಸ್ತಿ ಎಚ್‌ಪಿ ಕಿತ್ತುಕೊಳ್ಳುತ್ತದೆ. ಎರಡನೇ ಏಟಿಗೆ ಮುಗಿಯಿತು. ಇತ್ತ ಡಿಫೆನ್ಸ್ 416ರಿಂದ 316ಕ್ಕೆ ಇಳಿದಿರುತ್ತದೆ. ಚೆನ್ನಾಗಿ ಮಾಡುವ ಕೆಲಸ ಬಿಟ್ಟು ಆಗದ ಕೆಲಸಕ್ಕೆ ಕೈಹಾಕಿದಂತೆ. ಟೀಮ್‌ಗೆ ಖಂಡಿತ ಬೇಕು ಅಂತ ಅನಿಸುವವರೆಗೂ ಆ ದಾರಿ ಹಿಡಿಯಬೇಡಿ.

ಬಾಡಿ ಪ್ರೆಸ್ ಬಗ್ಗೆ ಸ್ವಲ್ಪ ನಿಂತು ಮಾತಾಡೋಣ. ಎಂಟನೇ ಜನರೇಶನ್‌ನಲ್ಲಿ ಬಂದ ಈ ಫೈಟಿಂಗ್ ಟೈಪ್ ಮೂವ್ ಅಟ್ಯಾಕ್ ಬದಲು ನಿಮ್ಮ ಡಿಫೆನ್ಸ್ ಬಳಸಿ ಹೊಡೆಯುತ್ತದೆ. ಪವರ್ 80. ಅಂದರೆ ತಡೆಯುವುದಕ್ಕೆ ಅಂತ ಹಾಕಿದ ಇವಿ ಹೊಡೆಯುವುದಕ್ಕೂ ಸಿಗುತ್ತದೆ. ಕಿಂಗಾಂಬಿಟ್ ಡಾರ್ಕ್ ಮತ್ತು ಸ್ಟೀಲ್, ಅದಕ್ಕೆ ಫೈಟಿಂಗ್ ನಾಲ್ಕು ಪಟ್ಟು ತಗಲುತ್ತದೆ. ಎಚ್‌ಪಿಗೆ, ಡಿಫೆನ್ಸ್‌ಗೆ ಇವಿ ಇಲ್ಲದ ಕಿಂಗಾಂಬಿಟ್‌ನ ಎಚ್‌ಪಿ 341. ಬಾಡಿ ಪ್ರೆಸ್ ಕನಿಷ್ಠ 348 ಹೊಡೆಯುತ್ತದೆ. ಒಂದೇ ಏಟು, ಮುಗೀತು. ಎಚ್‌ಪಿಗೆ 252 ಕೊಟ್ಟ ಕಿಂಗಾಂಬಿಟ್ ಆದರೆ 404 ಎಚ್‌ಪಿ ಇರುತ್ತದೆ, ಹೆಚ್ಚಿನ ಸಲ ಬದುಕಿಕೊಳ್ಳುತ್ತದೆ. ಆದರೆ ಒಂದು ಲೇಯರ್ (ಪದರ) ಸ್ಪೈಕ್ಸ್ ತುಳಿದು ಬಂದಿದ್ದರೆ ಅದೂ ಉಳಿಯುವುದು ಕಷ್ಟ. ಎರಡು ಲೇಯರ್ ಇದ್ದರೆ ಉಳಿಯುವುದೇ ಇಲ್ಲ. ಒಂದು ಎಚ್ಚರಿಕೆ: ಬಾಡಿ ಪ್ರೆಸ್ ಫಿಸಿಕಲ್ ಮೂವ್, ನಿಮಗೆ ಬರ್ನ್ (ಸುಟ್ಟಗಾಯ) ಆದರೆ ಡ್ಯಾಮೇಜ್ ಅರ್ಧವಾಗುತ್ತದೆ.

ಐಟಮ್ (ಪೋಕೆಮಾನ್ ಹಿಡಿದುಕೊಳ್ಳುವ ವಸ್ತು) ವಿಷಯಕ್ಕೆ ಬಂದರೆ, ಸುಮ್ನೆ ಲೆಫ್ಟ್‌ಓವರ್ಸ್ ಹಾಕಿಬಿಡುವವರೇ ಜಾಸ್ತಿ. ಟರ್ನ್‌ಗೆ 20 ಎಚ್‌ಪಿ ಬರುತ್ತದೆ, ತಪ್ಪೇನಿಲ್ಲ. ನನ್ನ ಆಯ್ಕೆ ರಾಕಿ ಹೆಲ್ಮೆಟ್. ಮೈಗೆ ತಗಲುವ ಅಟ್ಯಾಕ್ ಹಾಕಿದವರ ಎಚ್‌ಪಿಯಲ್ಲಿ ಆರನೇ ಒಂದು ಭಾಗ ಪ್ರತಿ ಸಲ ಹೋಗುತ್ತದೆ. ಯು-ಟರ್ನ್ ಹಾಕಿ ಓಡುವವರಿಗೂ, ರ‍್ಯಾಪಿಡ್ ಸ್ಪಿನ್ ಮಾಡಿ ನಿಮ್ಮ ಸ್ಪೈಕ್ಸ್ ಗುಡಿಸಲು ಬರುವವರಿಗೂ ಇದು ಸರಿಯಾದ ಉತ್ತರ. ನೀವು ಏನೂ ಮಾಡದ ಟರ್ನ್‌ನಲ್ಲೂ ಎದುರಾಳಿಗೆ ನಷ್ಟ ಆಗುತ್ತದೆ, ಅಲ್ವಾ? ಮ್ಯಾಗ್ನೆಝೋನ್ ಕಾಟ ಜಾಸ್ತಿ ಇದ್ದರೆ ಶೆಡ್ ಶೆಲ್. ಅದರ ವಿಷಯ ಮುಂದೆ ಬರುತ್ತದೆ.

ಹೆಜ್ಜೆ 3: ಜೊತೆಗಾರರನ್ನು ಆರಿಸುವುದು

ಸ್ಪೆಷಲ್ ಅಟ್ಯಾಕ್ ಹೊರುವವರು ಒಬ್ಬರು ಬೇಕೇ ಬೇಕು. ಬ್ಲಿಸ್ಸಿ ಸ್ಕಾರ್ಮರಿಯ ಹಳೇ ಜೋಡಿ, ಇಬ್ಬರೂ ಒಂದೇ ಜನರೇಶನ್‌ನಲ್ಲಿ ಹುಟ್ಟಿದವರು. ಬ್ಲಿಸ್ಸಿಯ ಎಚ್‌ಪಿ 714ರವರೆಗೆ ಹೋಗುತ್ತದೆ, ಆದರೆ ಬೇಸ್ ಡಿಫೆನ್ಸ್ ಬರೀ 10. ಒಬ್ಬರ ಕೊರತೆಯನ್ನು ಇನ್ನೊಬ್ಬರು ತುಂಬುತ್ತಾರೆ. ಎದುರಾಳಿ ಫಿಸಿಕಲ್ ಬಿಟ್ಟರೆ ಸ್ಕಾರ್ಮರಿ, ಸ್ಪೆಷಲ್ ಬಿಟ್ಟರೆ ಬ್ಲಿಸ್ಸಿ.

ಎಲೆಕ್ಟ್ರಿಕ್ ತಡೆಯಲು ಒಂದು ಗ್ರೌಂಡ್ ಟೈಪ್ ಇಡಿ. ಕ್ಲಾಡ್‌ಸೈರ್ ಒಳ್ಳೆಯ ಆಯ್ಕೆ. ಅದಕ್ಕೆ ಗ್ರೌಂಡ್ ಅಟ್ಯಾಕ್ ಕಾಟ, ಸ್ಕಾರ್ಮರಿಗೆ ಗ್ರೌಂಡ್ ತಗಲುವುದೇ ಇಲ್ಲ. ಫೈರ್‌ಗೆ, ಆ ಅಟ್ಯಾಕ್ ತಗಲದಂತೆ ಮಾಡುವ ಫ್ಲ್ಯಾಶ್ ಫೈರ್ ಅಬಿಲಿಟಿ ಇರುವ ಹೀಟ್ರಾನ್ ಆಗುತ್ತದೆ.

ಇನ್ನೊಂದು ಜೊತೆಯನ್ನು ಹೆಚ್ಚಿನವರು ಮರೆಯುತ್ತಾರೆ: ನಿಮ್ಮದೇ ಗೋಲ್ಡೆಂಗೋ. ನೀವು ಕಷ್ಟಪಟ್ಟು ಹಾಕಿದ ಸ್ಪೈಕ್ಸ್ ಉಳಿಸುವವರು ಬೇಕಲ್ಲ. ಗೋಲ್ಡೆಂಗೋ ಗೋಸ್ಟ್ ಟೈಪ್, ರ‍್ಯಾಪಿಡ್ ಸ್ಪಿನ್ ಅದಕ್ಕೆ ತಗಲುವುದಿಲ್ಲ. ನೇರ ಹೊಡೆಯದ ಮೂವ್‌ಗಳನ್ನು ತಡೆಯುವ ಗುಡ್ ಆಸ್ ಗೋಲ್ಡ್ ಅಬಿಲಿಟಿಯಿಂದ, ಸ್ಪೈಕ್ಸ್ ಗುಡಿಸುವ ಇನ್ನೊಂದು ಮೂವ್ ಡೀಫಾಗ್ ಕೂಡ ಕೆಲಸ ಮಾಡುವುದಿಲ್ಲ. ಎದುರಾಳಿ ಗುಡಿಸಲು ಬರುತ್ತಾರೆ ಅನಿಸಿದ ಟರ್ನ್‌ನಲ್ಲಿ ಗೋಲ್ಡೆಂಗೋ ಒಳಗೆ ಬಂದರೆ ಅವರ ಟರ್ನ್ ದಂಡ.

ಸ್ಟೆಲ್ತ್ ರಾಕ್ (ಒಳಗೆ ಬರುವವರಿಗೆ ಬಡಿಯುವ ಕಲ್ಲುಗಳು) ಟೀಮ್‌ನಲ್ಲಿ ಬೇರೆ ಯಾರಾದರೂ ಹಾಕಲಿ. ಸ್ಕಾರ್ಮರಿಗೂ ಬರುತ್ತದೆ, ಆದರೆ ಎರಡನ್ನೂ ಅದರ ತಲೆಗೇ ಕಟ್ಟಿದರೆ ವರ್ಲ್‌ವಿಂಡ್ ಅಥವಾ ಬಾಡಿ ಪ್ರೆಸ್ ಬಿಡಬೇಕಾಗುತ್ತದೆ.

ಹೆಜ್ಜೆ 4: ಟೀಮ್ ಪ್ರಿವ್ಯೂನಲ್ಲಿ ಕೇಳಿಕೊಳ್ಳಬೇಕಾದ್ದು

ಪಂದ್ಯ ಶುರುವಾಗುವ ಮುಂಚೆ ಎದುರಾಳಿಯ ಆರೂ ಪೋಕೆಮಾನ್ ಕಾಣುತ್ತವೆ. ಆಗ ಸುಮ್ಮನೆ ಲೀಡ್ (ಮೊದಲು ಇಳಿಯುವ ಪೋಕೆಮಾನ್) ಒತ್ತಬೇಡಿ. ಈ ಆರರಲ್ಲಿ ಸ್ಕಾರ್ಮರಿಯನ್ನು ಕಂಡರೆ ಹಿಂದೆ ಸರಿಯುವವರು ಯಾರು? ಸ್ಕಾರ್ಮರಿ ಕಂಡ ಕೂಡಲೇ ಒಳಗೆ ನುಗ್ಗುವವರು ಯಾರು? ಸ್ಪೈಕ್ಸ್ ತುಳಿಯುವವರು ಎಷ್ಟು ಜನ? ಫ್ಲೈಯಿಂಗ್ ಟೈಪ್, ಲೆವಿಟೇಟ್ ಅಬಿಲಿಟಿಯಿಂದ ತೇಲುವವರು, ಹೆವಿ-ಡ್ಯೂಟಿ ಬೂಟ್ಸ್ ಹಾಕಿದವರು ತುಳಿಯುವುದಿಲ್ಲ. ಬೂಟ್ಸ್ ಪ್ರಿವ್ಯೂನಲ್ಲಿ ಕಾಣುವುದಿಲ್ಲ, ಆದರೆ ರಾಕ್ ಎರಡು ಅಥವಾ ನಾಲ್ಕು ಪಟ್ಟು ತಗಲುವ ಪೋಕೆಮಾನ್ ಕಂಡರೆ ಬೂಟ್ಸ್ ಇದೆ ಅಂತಲೇ ಊಹಿಸಿ.

ನೆಲದ ಮೇಲೆ ನಿಲ್ಲುವವರು ನಾಲ್ಕು ಜನ ಇದ್ದರೆ ಸ್ಪೈಕ್ಸ್ ಆಟವೇ ಆಡಿ. ಇಬ್ಬರೇ ಇದ್ದರೆ ಸ್ಕಾರ್ಮರಿಯ ಕೆಲಸ ಬೇರೆ. ಆಗ ಅದು ಒಂದೆರಡು ಫಿಸಿಕಲ್ ಅಟ್ಯಾಕರ್‌ಗಳನ್ನು ತಡೆಯುವುದಕ್ಕೆ ಮಾತ್ರ, ಅದನ್ನು ಹುಷಾರಾಗಿ ಉಳಿಸಿಕೊಳ್ಳಿ.

ಹೆಜ್ಜೆ 5: ಒಳಗೆ ಬರುವುದು

ಇದೇ ಇಡೀ ಆಟದ ತಿರುಳು.

ಒಳಗೆ ಬರಲು ಮೂರು ದಾರಿ ಇವೆ. ಜೊತೆಗಾರ ಸತ್ತ ಮೇಲೆ ಬರುವುದು, ಜೊತೆಗಾರ ನಿಧಾನವಾಗಿ ಯು-ಟರ್ನ್‌ನಂಥ ಮೂವ್ ಹಾಕಿ ಜಾಗ ಬಿಟ್ಟಾಗ ಬರುವುದು, ಎದುರಾಳಿಯ ಅಟ್ಯಾಕ್ ಊಹಿಸಿ ನೇರವಾಗಿ ಸ್ವಿಚ್ ಮಾಡುವುದು. ಮೊದಲ ಎರಡರಲ್ಲಿ ಏಟು ಬೀಳುವುದಿಲ್ಲ. ಮೂರನೆಯದರಲ್ಲೇ ನಿಮ್ಮ ತಲೆ ಓಡಬೇಕು.

ಗ್ರೇಟ್ ಟಸ್ಕ್ ಎದುರು ನಿಂತಿದೆ ಅಂದುಕೊಳ್ಳಿ. ನಿಮ್ಮ ಕಡೆ ಹೀಟ್ರಾನ್ ಇದೆ. ಹೀಟ್ರಾನ್‌ಗೆ ಗ್ರೌಂಡ್ ನಾಲ್ಕು ಪಟ್ಟು. ಎದುರಾಳಿ ಅರ್ಥ್‌ಕ್ವೇಕ್ ಅಥವಾ ಹೆಡ್‌ಲಾಂಗ್ ರಶ್ ಒತ್ತುವುದು ಹೆಚ್ಚುಕಡಿಮೆ ಖಾತ್ರಿ. ಆಗ ಸ್ಕಾರ್ಮರಿ ಬಂದರೆ ಡ್ಯಾಮೇಜ್ ಸೊನ್ನೆ. ಅವರು ಜಾಣತನ ಮಾಡಿ ಕ್ಲೋಸ್ ಕಾಂಬ್ಯಾಟ್ ಒತ್ತಿದರು ಅಂತಲೇ ಇಟ್ಟುಕೊಳ್ಳೋಣ. ಅಟ್ಯಾಕ್‌ಗೆ 252 ಇವಿ ಇದ್ದರೂ 112ರಿಂದ 133, ಅಂದರೆ ಹತ್ತರಲ್ಲಿ ನಾಲ್ಕು ಭಾಗ ಮೀರುವುದಿಲ್ಲ. ಮೇಲಾಗಿ ಅವರ ಡಿಫೆನ್ಸೇ ಒಂದು ಸ್ಟೇಜ್ ಇಳಿದಿರುತ್ತದೆ, ಹೆಲ್ಮೆಟ್ ಏಟು ಬೇರೆ. ನಿಮ್ಮ ಊಹೆ ತಪ್ಪಾದರೂ ಇಷ್ಟೇ ಹೋಗುತ್ತದೆ. ಊಹೆ ತಪ್ಪಾದರೂ ಬದುಕುವ ಕಡೆಗೇ ಸ್ವಿಚ್ ಮಾಡಿ.

ಇದಕ್ಕೆ ತದ್ವಿರುದ್ಧ ಉದಾಹರಣೆ: ಎದುರಾಳಿಯ ಫಿಸಿಕಲ್ ಪೋಕೆಮಾನ್ ಹತ್ತಿರ ಫೈರ್ ಅಟ್ಯಾಕ್ ಇರಬಹುದು ಅಂತ ಅನುಮಾನ ಇದೆ, ಆದರೂ ಸ್ಕಾರ್ಮರಿ ಕಳಿಸುತ್ತೀರಿ. ಇಲ್ಲಿ ಊಹೆ ಸರಿಯಾದರೆ ಒಂದು ಸ್ಪೈಕ್ಸ್ ಲೇಯರ್ ಸಿಗುತ್ತದೆ, ತಪ್ಪಾದರೆ ಪಂದ್ಯದ ಕಂಬವೇ ಬೀಳುತ್ತದೆ. ಆ ವ್ಯಾಪಾರ ಬೇಡ. ಆ ಪೋಕೆಮಾನ್‌ನ ನಾಲ್ಕು ಮೂವ್‌ಗಳಲ್ಲಿ ಕನಿಷ್ಠ ಎರಡು ಮೂರು ಕಣ್ಣಿಗೆ ಬೀಳುವವರೆಗೆ ಕಾಯಿರಿ.

ಲೀಡ್ ಆಗಿ ಇಳಿಸಬೇಕಾ? ಎದುರು ಕಡೆ ಟಾಂಟ್ ಹಾಕುವವರು, ಮ್ಯಾಗ್ನೆಝೋನ್, ಹ್ಯಾಟರೀನ್ ಯಾರೂ ಇಲ್ಲದಿದ್ದರೆ ಇಳಿಸಿ; ಅವರ ಕಾಟ ಏನು ಅಂತ ಮುಂದೆ ಬರುತ್ತದೆ. ಸ್ಟರ್ಡಿ ಪೂರ್ತಿ ಎಚ್‌ಪಿ ಇದ್ದಾಗ ಮಾತ್ರ ಕೆಲಸ ಮಾಡುತ್ತದೆ, ಯಾವ ಏಟು ಬಿದ್ದರೂ 1 ಎಚ್‌ಪಿಯಲ್ಲಿ ನಿಲ್ಲಿಸುತ್ತದೆ. ಪಂದ್ಯದ ಮೊದಲ ಟರ್ನ್‌ನಲ್ಲಿ ಅದು ಖಂಡಿತ ಇರುತ್ತದೆ. ನಿಮ್ಮ ಕಡೆ ಸ್ಟೆಲ್ತ್ ರಾಕ್ ಬಿದ್ದ ಮೇಲೆ ಪ್ರತಿ ಸಲ ಒಳಗೆ ಬರುವಾಗ ಎಂಟನೇ ಒಂದು ಭಾಗ ಹೋಗುತ್ತದೆ, ಸ್ಟರ್ಡಿಯೂ ಅದರ ಜೊತೆಗೇ ಹೋಯಿತು. ಹಲವು ಸಲ ಹೊಡೆಯುವ ಅಟ್ಯಾಕ್‌ಗಳ ಮುಂದೆ, ಎದುರಿನವರ ಅಬಿಲಿಟಿ ಲೆಕ್ಕಿಸದ ಮೋಲ್ಡ್ ಬ್ರೇಕರ್ ಇರುವವರ ಮುಂದೆ ಅದನ್ನು ನಂಬಬೇಡಿ.

ಹೆಜ್ಜೆ 6: ಸಿಕ್ಕ ಟರ್ನ್‌ನಲ್ಲಿ ಏನು ಒತ್ತಬೇಕು

ಎದುರಾಳಿ ಸ್ವಿಚ್ ಮಾಡುತ್ತಾರೆ ಅನಿಸಿದರೆ ಸ್ಪೈಕ್ಸ್. ಇದಕ್ಕೆ ಕಾರಣ ಸರಳ. ಬಾಡಿ ಪ್ರೆಸ್ ಒತ್ತಿದರೆ ಗೋಸ್ಟ್ ಟೈಪ್ ಒಳಗೆ ಬರಬಹುದು. ವರ್ಲ್‌ವಿಂಡ್ ಒತ್ತಿದರೆ ಗೋಲ್ಡೆಂಗೋ ಬರಬಹುದು. ಸ್ಪೈಕ್ಸ್ ಯಾರ ಮೇಲೂ ಗುರಿ ಇಡುವುದಿಲ್ಲ, ನೆಲದ ಮೇಲೆ ಬೀಳುತ್ತದೆ. ಒಳಗೆ ಯಾರೇ ಬಂದರೂ ಅದು ದಂಡವಾಗುವುದಿಲ್ಲ, ಮ್ಯಾಜಿಕ್ ಬೌನ್ಸ್ ಇರುವ ಹ್ಯಾಟರೀನ್‌ನಂಥವರು ಒಬ್ಬರನ್ನು ಬಿಟ್ಟು. ಆಕೆ ಬಂದರೆ ನಿಮ್ಮ ಸ್ಪೈಕ್ಸ್ ನಿಮ್ಮ ಕಡೆಗೇ ಬೀಳುತ್ತದೆ.

ಮೊದಲ ಲೇಯರ್‌ಗೆ ಎಂಟನೇ ಒಂದು ಭಾಗ, ಎರಡಕ್ಕೆ ಆರನೇ ಒಂದು, ಮೂರಕ್ಕೆ ಕಾಲು ಭಾಗ ಎಚ್‌ಪಿ ಹೋಗುತ್ತದೆ. ಒಂದರಿಂದ ಎರಡಕ್ಕೆ ಹೋದಾಗ ಲಾಭ ಕಡಿಮೆ, ಎರಡರಿಂದ ಮೂರಕ್ಕೆ ಜಾಸ್ತಿ. ಆದ್ದರಿಂದ ಎರಡನೇದು ಹಾಕಿದರೆ ಮೂರನೇದನ್ನೂ ಹಾಕುವ ಅವಕಾಶ ಇದೆಯಾ ಅಂತ ನೋಡಿ. ಇಲ್ಲ ಅನಿಸಿದರೆ ಒಂದಕ್ಕೇ ನಿಲ್ಲಿಸಿ ಬೇರೆ ಕೆಲಸ ಮಾಡಿ.

ಎದುರಾಳಿ ಸ್ವಿಚ್ ಮಾಡದೆ ಸ್ವೋರ್ಡ್ಸ್ ಡ್ಯಾನ್ಸ್ ಅಥವಾ ಡ್ರ್ಯಾಗನ್ ಡ್ಯಾನ್ಸ್ ಹಾಕಿ ಬಲ ಏರಿಸಿಕೊಳ್ಳುತ್ತಿದ್ದರೆ ವರ್ಲ್‌ವಿಂಡ್. ಏರಿಸಿದ್ದೆಲ್ಲ ಹೋಗಿ ಅವರ ಇನ್ನೊಂದು ಪೋಕೆಮಾನ್ ಎಳೆದುಕೊಂಡು ಬರುತ್ತದೆ, ಸ್ಪೈಕ್ಸ್ ತುಳಿದುಕೊಂಡೇ. ಸಬ್‌ಸ್ಟಿಟ್ಯೂಟ್ (ಬದಲಿ ಗೊಂಬೆ) ಹಿಂದೆ ಅಡಗಿದ್ದರೂ ಬಿಡುವುದಿಲ್ಲ. ಒಂದೇ ತೊಡಕು, ಅದರ ಪ್ರಯಾರಿಟಿ ಮೈನಸ್ 6. ಎದುರಾಳಿ ಎಷ್ಟೇ ನಿಧಾನ ಇರಲಿ, ಮೊದಲು ಅವರ ಮೂವ್ ಆಗುತ್ತದೆ, ಆಮೇಲೆ ನಿಮ್ಮದು. ಆ ಒಂದು ಏಟು ತಡೆಯುವಷ್ಟು ಎಚ್‌ಪಿ ಇದೆಯಾ ಅಂತ ಮೊದಲೇ ಲೆಕ್ಕ ಹಾಕಿ. ಶೋಡೌನ್‌ನ ಡ್ಯಾಮೇಜ್ ಕ್ಯಾಲ್ಕ್ಯುಲೇಟರ್ ಪಕ್ಕದಲ್ಲಿ ತೆರೆದಿಟ್ಟುಕೊಂಡು ಆಡುವ ಅಭ್ಯಾಸ ಮಾಡಿಕೊಳ್ಳಿ.

ಮೂರು ಲೇಯರ್ ಸ್ಪೈಕ್ಸ್, ಜೊತೆಗೆ ಸ್ಟೆಲ್ತ್ ರಾಕ್ ಇದೆ ಅಂದುಕೊಳ್ಳಿ. ರಾಕ್ ಸರಿಸಮ ತಗಲುವ ಪೋಕೆಮಾನ್ ಒಳಗೆ ಬಂದ ಪ್ರತಿ ಸಲ ಶೇಕಡ 37.5 ಹೋಗುತ್ತದೆ. ಮೂರನೇ ಸಲ ಕಾಲಿಟ್ಟರೆ ಅದು ಅಲ್ಲೇ ಸಾಯುತ್ತದೆ, ನೀವು ಒಂದೇ ಒಂದು ಅಟ್ಯಾಕ್ ಹಾಕದೆ. ಸ್ಕಾರ್ಮರಿ ಪಂದ್ಯ ಗೆಲ್ಲುವುದು ಹೀಗೆ.

ರೂಸ್ಟ್ ಯಾವಾಗ? ಎಚ್‌ಪಿ ಕೆಂಪಗಾದ ಮೇಲೆ ಅಲ್ಲ. ಮುಂದಿನ ಸಲ ಒಳಗೆ ಬರಲು ಎಷ್ಟು ಬೇಕೋ ಅಷ್ಟು ಇಲ್ಲದಾಗ. ಎದುರಾಳಿಯ ಕಿಂಗಾಂಬಿಟ್ ಇನ್ನೂ ಬದುಕಿದ್ದರೆ ಅದರ ಏರಿಸಿದ ಏಟು ತಡೆಯುವಷ್ಟು ಎಚ್‌ಪಿ ಯಾವಾಗಲೂ ಇರಲಿ.

ಹೆಜ್ಜೆ 7: ರೂಸ್ಟ್ ಒಳಗಿನ ಬಲೆ

ರೂಸ್ಟ್ ಅರ್ಧ ಎಚ್‌ಪಿ ಕೊಡುತ್ತದೆ, ಆದರೆ ಆ ಟರ್ನ್ ಮುಗಿಯುವವರೆಗೆ ಫ್ಲೈಯಿಂಗ್ ಟೈಪ್ ಕಳೆದುಕೊಳ್ಳುತ್ತೀರಿ. ಬರೀ ಸ್ಟೀಲ್ ಉಳಿಯುತ್ತದೆ. ಇದರಿಂದ ಮುಖ್ಯವಾಗಿ ಎರಡು ಪರಿಣಾಮ. ಎಲೆಕ್ಟ್ರಿಕ್ ಆ ಟರ್ನ್‌ಗೆ ಸರಿಸಮ ಆಗುತ್ತದೆ, ಅದು ಲಾಭ. ಗ್ರೌಂಡ್ ಸೊನ್ನೆಯಿಂದ ನೇರ ಎರಡು ಪಟ್ಟಿಗೆ ಹಾರುತ್ತದೆ, ಅದು ನಷ್ಟ.

ಇದೆಲ್ಲ ಯಾರು ಮೊದಲು ಆಡುತ್ತಾರೆ ಅನ್ನುವುದರ ಮೇಲೆ ನಿಂತಿದೆ. ಸ್ಪೀಡ್‌ಗೆ ಇವಿ ಇಲ್ಲದ ಸ್ಕಾರ್ಮರಿಯ ಸ್ಪೀಡ್ 176. ಇವಿ ಇಲ್ಲದ ಗ್ರೇಟ್ ಟಸ್ಕ್‌ನದೇ 210. ಅದರ ಅರ್ಥ್‌ಕ್ವೇಕ್ ಮೊದಲು ಬರುತ್ತದೆ, ಆಗ ನೀವಿನ್ನೂ ಫ್ಲೈಯಿಂಗ್, ತಗಲುವುದಿಲ್ಲ. ಆಮೇಲೆ ನಿಮ್ಮ ರೂಸ್ಟ್. ಚಿಂತೆ ಇಲ್ಲ. ಟಿಂಗ್-ಲು ಎದುರು ಕಥೆ ಬೇರೆ. ಅದರ ಸ್ಪೀಡ್ 126. ನೀವು ಮೊದಲು ರೂಸ್ಟ್ ಮಾಡಿ 167 ಎಚ್‌ಪಿ ತುಂಬಿಸಿಕೊಂಡಿರಿ. ಹಿಂದೆಯೇ ಬರುವ ಅರ್ಥ್‌ಕ್ವೇಕ್, ಅಟ್ಯಾಕ್‌ಗೆ ಇವಿ ಇಲ್ಲದಿದ್ದರೂ, 134ರಿಂದ 158 ಕಿತ್ತುಕೊಂಡು ಹೋಗುತ್ತದೆ. ತುಂಬಿಸಿದ್ದು ಹೆಚ್ಚುಕಡಿಮೆ ಎಲ್ಲ ಹೋಯಿತು, ರೂಸ್ಟ್‌ನ ಒಂದು ಪಿಪಿಯೂ (ಮೂವ್ ಎಷ್ಟು ಸಲ ಬಳಸಬಹುದು ಅನ್ನುವ ಎಣಿಕೆ) ಹೋಯಿತು. ನಿಮಗಿಂತ ನಿಧಾನ ಇರುವ ಗ್ರೌಂಡ್ ಟೈಪ್ ಎದುರು ರೂಸ್ಟ್ ಒತ್ತುವ ಮುಂಚೆ ಇದು ನೆನಪಿರಲಿ. ಅಲ್ಲಿ ಸ್ಪೈಕ್ಸ್ ಹಾಕಿ, ಅಥವಾ ವರ್ಲ್‌ವಿಂಡ್‌ನಿಂದ ಓಡಿಸಿ, ರೂಸ್ಟ್ ಬೇರೆಯವರ ಎದುರು ಮಾಡಿಕೊಳ್ಳಿ.

ಪಿಪಿ ಲೆಕ್ಕವೂ ಇದೆ. ಒಂಬತ್ತನೇ ಜನರೇಶನ್‌ನಲ್ಲಿ ರೂಸ್ಟ್, ರಿಕವರ್‌ನಂಥ ಮೂವ್‌ಗಳ ಪಿಪಿ 5ಕ್ಕೆ ಇಳಿಯಿತು, ಪೂರ್ತಿ ಏರಿಸಿದರೂ 8. ಮೊದಲು ಅದು 16 ಇತ್ತು. ಅಂದರೆ ಇಡೀ ಪಂದ್ಯಕ್ಕೆ ನಿಮಗೆ ಎಂಟೇ ಎಂಟು ರೂಸ್ಟ್. ಪ್ರೆಷರ್ ಅಬಿಲಿಟಿ ಇರುವವರು ಎದುರು ನಿಂತರೂ ರೂಸ್ಟ್‌ಗೆ ಒಂದೇ ಪಿಪಿ ಹೋಗುತ್ತದೆ.

ಹೆಜ್ಜೆ 8: ಸ್ಕಾರ್ಮರಿಯನ್ನು ಕೆಡವುವವರು

ಮ್ಯಾಗ್ನೆಝೋನ್ ಮೊದಲ ಶತ್ರು. ಮ್ಯಾಗ್ನೆಟ್ ಪುಲ್ ಇದ್ದರೆ ಸ್ಟೀಲ್ ಟೈಪ್‌ಗಳು ಸ್ವಿಚ್ ಮಾಡಿ ಓಡಲಾಗದು. ಥಂಡರ್‌ಬೋಲ್ಟ್ ಕನಿಷ್ಠ 392 ಹೊಡೆಯುತ್ತದೆ, ನಿಮ್ಮ ಪೂರ್ತಿ ಎಚ್‌ಪಿಗಿಂತ ಜಾಸ್ತಿ. ಶೆಡ್ ಶೆಲ್ ಇದ್ದರೆ ತಪ್ಪಿಸಿಕೊಂಡು ಹೋಗಬಹುದು. ಅದು ಇಲ್ಲದಿದ್ದರೆ, ಮ್ಯಾಗ್ನೆಝೋನ್ ಸಾಯುವವರೆಗೆ ಸ್ಕಾರ್ಮರಿಯನ್ನು ಎದುರಾಳಿ ನಿರೀಕ್ಷಿಸುವ ಜಾಗದಲ್ಲಿ ಇಳಿಸಲೇಬೇಡಿ.

ಎದುರಾಳಿಯ ಗೋಲ್ಡೆಂಗೋಗೆ ಬಾಡಿ ಪ್ರೆಸ್ ತಗಲುವುದಿಲ್ಲ, ವರ್ಲ್‌ವಿಂಡ್ ಕೆಲಸ ಮಾಡುವುದಿಲ್ಲ. ಆದರೆ ಅದು ನೆಲದ ಮೇಲೇ ನಿಲ್ಲುತ್ತದೆ. ಅದು ಒಳಗೆ ಬರುವ ಟರ್ನ್‌ನಲ್ಲಿ ಸ್ಪೈಕ್ಸ್ ಹಾಕಿ, ಮುಂದಿನ ಟರ್ನ್‌ನಲ್ಲೇ ಹೊರಡಿ. ನಿಂತು ಹಟ ಮಾಡಬೇಡಿ.

ಟಾಂಟ್ ಬಿದ್ದರೆ ಮೂರು ಟರ್ನ್ ಬಾಡಿ ಪ್ರೆಸ್ ಬಿಟ್ಟು ಬೇರೇನೂ ಒತ್ತಲಾಗದು. ಸ್ವಿಚ್ ಮಾಡಿದರೆ ಟಾಂಟ್ ಹೋಗುತ್ತದೆ, ಅಷ್ಟೇ. ನಾಕ್ ಆಫ್ ಹೆಲ್ಮೆಟ್ ಕಿತ್ತು ಬಿಸಾಡುತ್ತದೆ, ಅದಾದ ಮೇಲೂ ಸ್ಕಾರ್ಮರಿ ಕೆಲಸಕ್ಕೆ ಬರುತ್ತದೆ, ಗಾಬರಿ ಬೇಡ.

ಹೆಜ್ಜೆ 9: ಟೆರಾ

ಈ ಜನರೇಶನ್‌ನಲ್ಲಿ ಯಾವ ಪೋಕೆಮಾನ್ ಬೇಕಾದರೂ ಟೆರಾ ಆಗಿ ಟೈಪ್ ಬದಲಿಸಬಹುದು, ಪಂದ್ಯಕ್ಕೆ ಒಂದೇ ಸಲ. ನಿಮ್ಮ ಬಾಡಿ ಪ್ರೆಸ್ ನಂಬಿ ನಿಂತಾಗ ಕಿಂಗಾಂಬಿಟ್ ಟೆರಾ ಗೋಸ್ಟ್ ಆದರೆ ಏಟು ಗಾಳಿಗೆ. ಎದುರಾಳಿಯ ಟೆರಾ ಇನ್ನೂ ಬಾಕಿ ಇದ್ದರೆ ಕಿಂಗಾಂಬಿಟ್ ಎದುರು ವರ್ಲ್‌ವಿಂಡ್ ಹೆಚ್ಚು ಭದ್ರ. ಟೈಪ್ ಏನೇ ಆಗಲಿ, ಅದು ಹೊರಗೆ ಹೋಗುತ್ತದೆ.

ನಿಮ್ಮ ಸ್ಕಾರ್ಮರಿಗೆ ಟೆರಾ ಡ್ರ್ಯಾಗನ್ ಇಟ್ಟರೆ ಫೈರ್, ಎಲೆಕ್ಟ್ರಿಕ್ ಎರಡೂ ಅರ್ಧಕ್ಕೆ ಇಳಿಯುತ್ತವೆ. ಪ್ರತಿಯಾಗಿ ಗ್ರೌಂಡ್ ತಗಲಲು ಶುರುವಾಗುತ್ತದೆ, ಸ್ಪೈಕ್ಸ್ ಕೂಡ ತುಳಿಯಬೇಕಾಗುತ್ತದೆ. ಸಾಮಾನ್ಯವಾಗಿ ಟೆರಾವನ್ನು ಅಟ್ಯಾಕರ್‌ಗೆ ಉಳಿಸಿ. ಆ ಒಂದು ಏಟು ತಡೆದರೆ ಪಂದ್ಯ ನಿಮ್ಮದು ಅನ್ನುವಾಗ ಮಾತ್ರ ಸ್ಕಾರ್ಮರಿಗೆ ಖರ್ಚು ಮಾಡಿ.

ಹೆಜ್ಜೆ 10: ಕೊನೆಯ ಘಟ್ಟ

ಎರಡೂ ಕಡೆ ಮೂರು ಮೂರು ಉಳಿದಾಗ ಮತ್ತೆ ಲೆಕ್ಕ ಹಾಕಿ. ಸ್ಕಾರ್ಮರಿ ತಡೆಯಬೇಕಾದವರು ಯಾರಾದರೂ ಉಳಿದಿದ್ದಾರಾ? ಉಳಿದಿದ್ದರೆ ಅದನ್ನು ಕಾಪಾಡಿ, ಬೇರೆಯವರನ್ನು ಬಿಟ್ಟುಕೊಟ್ಟಾದರೂ ಸರಿ. ಎದುರಾಳಿ ಹತ್ತಿರ ಒಂದೇ ಪೋಕೆಮಾನ್ ಉಳಿದರೆ ವರ್ಲ್‌ವಿಂಡ್ ಫೇಲ್ ಆಗುತ್ತದೆ, ಹಾಗಾಗಿ ಬಲ ಏರಿಸಿಕೊಳ್ಳುವ ಪೋಕೆಮಾನ್ ಕೊನೆಯದಾಗಿ ಉಳಿಯುವಂತೆ ಬಿಡಬೇಡಿ. ಅದನ್ನು ಮುಂಚೆಯೇ ಸ್ಪೈಕ್ಸ್ ಮೇಲೆ ಎಳೆದು ಸವೆಸಿ.

ಉಳಿದವರೆಲ್ಲ ಸ್ಪೆಷಲ್ ಅಟ್ಯಾಕರ್‌ಗಳಾದರೆ ಸ್ಕಾರ್ಮರಿಯ ಕೆಲಸ ಮುಗಿದಿದೆ. ಆಗ ಅದನ್ನು ಬಿಟ್ಟುಕೊಡಲು ಹಿಂಜರಿಯಬೇಡಿ. ಅದು ಬಿದ್ದ ಟರ್ನ್‌ನಲ್ಲಿ ನಿಮ್ಮ ಅಟ್ಯಾಕರ್ ಏಟು ತಿನ್ನದೆ ಒಳಗೆ ಬರುತ್ತದೆ, ಎದುರು ಕಡೆ ಸ್ಪೈಕ್ಸ್‌ನಿಂದ ಸವೆದವರು ನಿಂತಿರುತ್ತಾರೆ, ಮುಂದಿನ ಏಟು ಅದರದು.